ಹಾರ್ನಿಗೆ ಯಾವ ಬಟನ್

೧೪ ಜುಲೈ ೨೦೨೫, ಸೋಮವಾರ, ಬೆಳಿಗ್ಗೆ

ಅ ಆ ಇ ಈ ಎರಡು ಸಲ ಬರೆದಾಯ್ತು. ಎಡಗೈಯಲ್ಲಿ. ಈಗಲೂ ಕೋಳಿ ಕೆದರಿದ ಹಾಗೇ ಇದೆ. ದಿನಾ ಒಂದು ಪುಟ ಬರೀರಿ, ಏನಾದ್ರೂ ಬರೀರಿ, ಯಾರೂ ಓದಲ್ಲ ಅಂತ ಫಿಸಿಯೋ ಮೇಡಂ ಹೇಳಿದ್ದಾರೆ. ಏನು ಬರೆಯಲಿ? ತಿಂಡಿಗೆ ಮಂಡಕ್ಕಿ ಒಗ್ಗರಣೆ. ಮಳೆ ಇಲ್ಲ. ಗಾಳಿ ಮಾತ್ರ.

ಮಾರ್ಚ್‌ನಲ್ಲಿ ಹೊಸದುರ್ಗದ ಮಾರ್ಕೆಟ್ಟಿನಲ್ಲಿ ಯಾರದೋ ತೆಂಗಿನಕಾಯಿ ಮೂಟೆ ಇಳಿಸಿಕೊಡಲು ಹೋದೆ. ಟೆಂಪೊದ ಹಿಂಬಾಗಿಲು ಬಲಗೈ ಮೇಲೆ ಬಿತ್ತು. ಮೂಳೆ ಕೂಡಿದೆ, ಬೆರಳು ಮಡಚುವುದಿಲ್ಲ. ನಾನು ಓಡಿಸುವ ಆಟೋದ ಆಕ್ಸಿಲೇಟರ್ ಇರುವುದು ಬಲಗೈಗೆ. ಇಷ್ಟೇ ಕಥೆ.

ಇಲ್ಲ, ಇನ್ನೊಂದಿದೆ. ಮೇ ತಿಂಗಳಲ್ಲಿ ಮಣಿಕಟ್ಟಿನಿಂದಲೇ ಆಕ್ಸಿಲೇಟರ್ ತಿರುಗಿಸಿ ನೋಡೋಣ ಅಂತ ಹೆಂಡತಿ ನಾಗಶ್ರೀಯನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಸೀದಾ ಕಾಂಪೌಂಡಿಗೆ. ಅವಳಿಗೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಅವಳು ಬಿ.ದುರ್ಗಕ್ಕೆ, ಅವರಮ್ಮನ ಮನೆಗೆ, ಬಸ್ಸಿನಲ್ಲೇ ಹೋಗುತ್ತಾಳೆ.

ಇವತ್ತು ಬ್ಲೌಸ್ ಹೊಲಿಯುತ್ತ, ತಲೆ ಎತ್ತದೆ ಹೇಳಿದಳು. "ಸ್ಟ್ಯಾಂಡಿನ ಕೊಟ್ರೇಶಣ್ಣ ಆಟೋ ಕೇಳ್ತಾ ಅವ್ನೆ. ಕೊಟ್ಬಿಡಾಣ ಕಣ್ರಿ."

"ಆಯುಧಪೂಜೆ ತನಕ ತಡಿ."

"ತಡೀತೀನಿ. ಆದ್ರೆ ನೀವು ಓಡ್ಸೋ ಆಟೋದಾಗೆ ನಾನಂತೂ ಕೂರಲ್ಲ. ಈಗ್ಲೇ ಹೇಳಿರ್ತೀನಿ."

ಕೈ ನೋಯುತ್ತಿದೆ. ಪುಟ ತುಂಬಿತು.

೧೬ ಜುಲೈ, ಬುಧವಾರ

ಚಿತ್ರದುರ್ಗದಿಂದ ವಿನೋದ್ ಬಂದಿದ್ದ. ನಾಗಶ್ರೀಯ ತಮ್ಮ. ಮೊಬೈಲ್ ಅಂಗಡಿಯಲ್ಲಿ ಕೆಲಸ, ಮೂವತ್ತಾದರೂ ಆಟದ ಹುಚ್ಚು ಬಿಟ್ಟಿಲ್ಲ. ತನ್ನ ಹಳೇ ಲ್ಯಾಪ್‌ಟಾಪ್ ತಂದ. ಜೊತೆಗೆ ಒಂದು ಗೇಮ್‌ಪ್ಯಾಡ್, ಆಟ ಆಡಿಸುವ ಸ್ಟಿಕ್ಕು ಬಟನ್ನುಗಳ ಹಿಡಿ.

"ಭಾವ, ಇದನ್ನ ಹಿಡೀರಿ. ಬೆರಳಿಗೆ ಒಳ್ಳೇದು."

"ಎರಡು ಕೈ ಇರೋರ ಸಾಮಾನು ನಂಗ್ಯಾಕೆ?"

ಅವನು ಬಲಗಡೆಯ ಸ್ಟಿಕ್ಕನ್ನು ಹಿಡಿದು ಎಳೆದ. ಪಟಕ್ ಅಂತ ಕಿತ್ತು ಬಂತು. ಮುರಿದೇಬಿಟ್ಟ ಅಂದುಕೊಂಡೆ. ಅದನ್ನು ತೆಗೆದು ಎಡಗಡೆಯ ಖಾಲಿ ಗುಂಡಿಗೆ ಒತ್ತಿದ. ಪಟಕ್. ಕೂತುಕೊಂಡಿತು. ಬಟನ್ನುಗಳೂ ಹಾಗೇ. ಯಾವುದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಯಾವುದಕ್ಕೆ ಯಾವ ಕೆಲಸ ಅಂತ ಲ್ಯಾಪ್‌ಟಾಪಿನಲ್ಲಿ ಹೇಳಿಕೊಟ್ಟರೆ ಸಾಕು.

ಆಟ ಏನೆಂದರೆ, ಒಂದು ಗಗನನೌಕೆ. ಅದನ್ನು ಓಡಿಸಿಕೊಂಡು ಹೋಗಿ, ಆಕಾಶದಲ್ಲಿ ಸುತ್ತುತ್ತಿರುವ ದೊಡ್ಡ ನಿಲ್ದಾಣಕ್ಕೆ ಮೆತ್ತಗೆ ಅಂಟಿಸಬೇಕು. ಅಷ್ಟೇ. ಸ್ಟ್ಯಾಂಡಿನಲ್ಲಿ ಆಟೋ ಹಚ್ಚಿದ ಹಾಗೆ ಅಂದುಕೊಂಡೆ.

ಊಟಕ್ಕೆ ಕರೆದರೂ ಏಳಲಿಲ್ಲ. ಸ್ಟಿಕ್ ಕೀಳುವುದು, ಹಾಕುವುದು. ಪಟಕ್, ಪಟಕ್... ಎಂಥ ಚಂದದ ಶಬ್ದ.

೧೭ ಜುಲೈ

ಬಟನ್ ಹಂಚಿದೆ. ಹೆಬ್ಬೆರಳಿಗೆ ತೀರ ಹತ್ತಿರ ಇರುವ, ಎಲ್ಲಕ್ಕಿಂತ ಒಳ್ಳೆಯ ಬಟನ್ನು ಯಾವುದಕ್ಕೆ? ಯೋಚನೆಯೇ ಬೇಡ. ಹಾರ್ನಿಗೆ.

ಪಟ್ಟಿಯಲ್ಲಿ ಹಾರ್ನ್ ಇಲ್ಲ. ಮೇಲಿಂದ ಕೆಳಗೆ ಹುಡುಕಿದೆ. ವಿನೋದನಿಗೆ ಫೋನ್ ಮಾಡಿದೆ.

"ಭಾವ, ಅಲ್ಲಿ ಗಾಳಿನೇ ಇಲ್ಲ. ಯಾರಿಗೆ ಕೇಳಿಸ್ತೈತೆ?"

"ಎದುರಿಗೆ ಬರೋನಿಗೆ."

"ಎದುರಿಗೆ ಯಾರೂ ಬರಲ್ಲ ಭಾವ."

ಹಾರ್ನ್ ಇಲ್ಲದ ಗಾಡಿಯನ್ನು ಹೆಂಗೆ ನಂಬುವುದು ಅಂತ ಕೇಳಿದೆ. ಬಹಳ ಹೊತ್ತು ನಕ್ಕ. ಕೊನೆಗೆ ಆ ಬಟನ್ನಿಗೆ ಲೈಟ್ ಕೊಟ್ಟೆ. ಒತ್ತಿದರೆ ನೌಕೆಯ ಮುಂದಿನ ದೀಪ ಮಿಣುಕುತ್ತದೆ. ಏನೂ ಇಲ್ಲದ್ದಕ್ಕಿಂತ ವಾಸಿ.

೨೦ ಜುಲೈ, ಭಾನುವಾರ, ಸಂಜೆ

ನಿಲ್ಲುತ್ತಿಲ್ಲ. ಗಾಡಿ ನಿಲ್ಲುವುದೇ ಇಲ್ಲ.

ಆಕ್ಸಿಲೇಟರ್ ಬಿಟ್ಟರೂ ಅದೇ ವೇಗದಲ್ಲಿ ಹೋಗುತ್ತದೆ. ನಿಲ್ದಾಣ ದಾಟಿತು, ಚಂದ್ರ ದಾಟಿತು, ಕಪ್ಪು ಬಿಟ್ಟರೆ ಬೇರೇನೂ ಇಲ್ಲ. ಬ್ರೇಕ್ ಎಲ್ಲಿ ಅಂತ ಕೇಳಿದರೆ ವಿನೋದ್ ಹೇಳುತ್ತಾನೆ, ಬ್ರೇಕ್ ಅಂತ ಇಲ್ಲ, ಹಿಂದಕ್ಕೆ ತಳ್ಳುವ ಇಂಜಿನ್ ಇದೆಯಂತೆ. ಅಳಿಯ ಅಲ್ಲ, ಮಗಳ ಗಂಡ. ಅದನ್ನೇ ಒತ್ತಿ ಹಿಡಿದೆ. ನಿಂತಿತು. ಆಮೇಲೆ ಹಿಂದಕ್ಕೇ ಹೊರಟಿತು. ಅಂದರೆ ಅಳಿಯ ಬೇರೆ, ಮಗಳ ಗಂಡ ಬೇರೆ. ಇಲ್ಲಿ ಗೊತ್ತಾಯ್ತು.

ಅವ್ವ ಬಂದು ಪಕ್ಕದಲ್ಲಿ ಕುಂತಳು. ಕುರಿ ಹಿಂದೆ ಬಯಲಲ್ಲೇ ಮಲಗಿ ಬೆಳೆದವಳು ಮಲ್ಲಕ್ಕ, ಕತ್ತಲಿಗೆ ಹೆದರುವವಳಲ್ಲ. ಸ್ಕ್ರೀನ್ ನೋಡಿ ಕೇಳಿದಳು. "ಲೇ ಶಿವ, ಇಷ್ಟು ಕತ್ಲಾಗೆ ಒಬ್ನೇ ಎಲ್ಲಿಗೆ ಹೊಂಟೀಯ?"

"ಗೊತ್ತಿಲ್ಲ ಕಣವ್ವ. ನಿಲ್ಸಕ್ಕೆ ಬರ್ತಿಲ್ಲ."

೨೬ ಜುಲೈ, ಶನಿವಾರ

ಐದಾರು ದಿನ ಬರೆಯಲಿಲ್ಲ. ಸಿಟ್ಟು. ಗೇಮ್‌ಪ್ಯಾಡನ್ನು ಟ್ರಂಕಿನ ಮೇಲೆ ಬಿಸಾಕಿದ್ದೆ. ಒಂದೇ ಹೆಬ್ಬೆರಳು, ಎರಡು ಸ್ಟಿಕ್ಕು. ಮುಂದಕ್ಕೆ ತಳ್ಳಲು ಒಂದು, ಮೂತಿ ತಿರುಗಿಸಲು ಇನ್ನೊಂದು. ಹಿಂದಿನ ಇಂಜಿನ್ ಬಟನ್ನಿಗೆ ಬೆರಳೇ ಉಳಿಯುವುದಿಲ್ಲ. ಕಂಪನಿಯವರಿಗೆ ಬುದ್ಧಿ ಇಲ್ಲ ಅಂದೆ. ಅವ್ವ ಅಡುಗೆಮನೆಯಿಂದಲೇ, "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ" ಅಂದಳು.

ಅದಕ್ಕೇ ಮತ್ತೆ ಎತ್ತಿಕೊಂಡೆ. ಗೇಮ್‌ಪ್ಯಾಡ್ ಬಂದಿದ್ದ ಡಬ್ಬಿಯ ತಳದಲ್ಲಿ ಒಂದು ದೊಡ್ಡ ಬಟನ್ ಬಿದ್ದಿತ್ತು, ಎಂಟಾಣೆ ಬಿಲ್ಲೆಗಿಂತ ಅಗಲ. ಇಷ್ಟು ದಿನ ನೋಡಿರಲಿಲ್ಲ. ಅದನ್ನು ಬಲಗಡೆ, ಮೊದಲು ಸ್ಟಿಕ್ ಇದ್ದ ಜಾಗಕ್ಕೆ ಹಾಕಿದೆ. ಪಟಕ್. ಬೆರಳು ಬೇಕಿಲ್ಲ, ಅಂಗೈ ಸಾಕು. ಬಲ ಅಂಗೈ ಇಟ್ಟು ಒತ್ತಿದೆ. ಹಿಂದಿನ ಇಂಜಿನ್ ಉರಿಯಿತು.

ನಾಲ್ಕು ತಿಂಗಳಿಂದ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಕೈ. ಅದಕ್ಕೆ ಒಂದು ಕೆಲಸ ಸಿಕ್ಕಿತು. ಅಳು ಬಂತು, ಸುಳ್ಳು ಯಾಕೆ ಹೇಳಲಿ. ನಾಗಶ್ರೀ ನೋಡಿದಳೋ ಏನೋ, ಹೊಲಿಗೆ ಮಿಷನ್ ಸ್ವಲ್ಪ ಹೊತ್ತು ನಿಂತಿತ್ತು.

೨೭ ಜುಲೈ, ಭಾನುವಾರ, ಮಧ್ಯಾಹ್ನ

ಆಯ್ತು. ಅಂಟಿತು.

ಹೆಂಗೆ ಅಂತ ಬರೆದಿಡಬೇಕು. ಹೊಳಲ್ಕೆರೆ ಕಡೆಯಿಂದ ಖಾಲಿ ಬರುವಾಗ ಇಳಿಜಾರು ಸಿಕ್ಕರೆ ಇಂಜಿನ್ ಆಫ್ ಮಾಡಿ ಹಂಗೇ ಬಿಡುವುದು ನಮ್ಮ ಸ್ಟ್ಯಾಂಡಿನವರ ಚಾಳಿ. ಗ್ಯಾಸ್ ಉಳಿಯುತ್ತದೆ. ಪೊಲೀಸರು ಬೈಯುತ್ತಾರೆ, ಹೆಂಡತಿಯೂ ಬೈಯುತ್ತಾಳೆ. ಇವತ್ತು ಹೊಳೆಯಿತು, ಆಕಾಶ ಪೂರ್ತಿ ಇಳಿಜಾರು. ಇಷ್ಟು ದಿನ ಸ್ಟಿಕ್ ಒತ್ತಿ ಹಿಡಿದೇ ಓಡಿಸುತ್ತಿದ್ದೆ, ಅದೇ ತಪ್ಪು. ಒಂದು ಸಣ್ಣ ತಳ್ಳು. ಬಿಟ್ಟೆ. ಕಾದೆ. ಹತ್ತಿರ ಬಂದಾಗ ಬಲ ಅಂಗೈ — ಒಂದು ಮುಟ್ಟು. ಇನ್ನೊಂದು ಮುಟ್ಟು. ನಿಲ್ದಾಣದ ಬಾಗಿಲು ದೊಡ್ಡದಾಗುತ್ತ ಬಂತು... ಬಂತು... ಟಕ್.

ಲೈಟ್ ಮಿಣುಕಿಸಿದೆ. ಯಾರಿಗೂ ಅಲ್ಲ, ಅಭ್ಯಾಸ.

"ಏನದು ಟಕ್ ಅಂದಿದ್ದು?" ನಾಗಶ್ರೀ.

"ಊರು ಬಂತು, ಇಳೀರಿ."

ನಗಲಿಲ್ಲ. ಆದರೆ ಎದ್ದು ಬಂದು ನೋಡಿದಳು. "ಬಲಗೈ ಒತ್ತಿದ್ರೆ ಏನಾಗ್ತೈತೆ?" ಅಂತ ಕೇಳಿದಳು. ತೋರಿಸಿದೆ. ಇನ್ನೊಂದು ಸಲ ತೋರಿಸ್ರಿ ಅಂದಳು.

೨ ಆಗಸ್ಟ್, ಶನಿವಾರ

ಸ್ಟ್ಯಾಂಡಿಗೆ ಟೀ ಕುಡಿಯಲು ಹೋಗಿದ್ದೆ. ಕೊಟ್ರೇಶಣ್ಣನದು ಹೊಸ ಕರೆಂಟ್ ಆಟೋ. ಮಾತಾಡುತ್ತ ಸೀಟಿನಲ್ಲಿ ಕುಂತೆ, ಸುಮ್ಮನೆ. ಎಡಗೈ ಹ್ಯಾಂಡಲ್ ಹಿಡಿಯಿತು. ಏನೂ ಇಲ್ಲ. ನನ್ನ ಗಾಡಿಯಲ್ಲಿರುವ ಕ್ಲಚ್ ಇಲ್ಲ, ಗೇರ್ ಇಲ್ಲ. ಬರೀ ರಬ್ಬರ್ ಹಿಡಿ. ಬಲಗಡೆ ಆಕ್ಸಿಲೇಟರ್, ಅದರಿಂದ ಒಂದು ವಯರ್ ಒಳಗೆ ಹೋಗಿದೆ, ಅಷ್ಟೇ.

ಎಡ ಖಾಲಿ.

ಕುಂತಲ್ಲೇ ಕುಂತೆ. ಕೈ ತಾನಾಗಿ ಬಲಗಡೆಯ ಆಕ್ಸಿಲೇಟರನ್ನು ಹಿಡಿದು ಎಳೆಯಿತು, ಪಟಕ್ ಅನ್ನಬಹುದು ಅಂತ. ಅನ್ನಲಿಲ್ಲ.

"ಏನಪ್ಪ, ಕಿತ್ತಾಕ್ತೀಯ ಏನು?" ಕೊಟ್ರೇಶಣ್ಣ.

"ಹೂಂ ಕಣಣ್ಣ. ಕಿತ್ತು ಈ ಕಡೆ ಹಾಕ್ಬೇಕು."

ಅವನಿಗೆ ನನ್ನ ಗ್ಯಾಸ್ ಆಟೋ ಯಾಕೆ ಬೇಕಂದರೆ, ಅವನದು ದೂರದ ಬಾಡಿಗೆ, ಹಿರಿಯೂರಿನ ತನಕ. ಚಾರ್ಜ್ ಸಾಲುವುದಿಲ್ಲ. ನನಗೆ ಊರೊಳಗೆ ಓಡಿದರೆ ಸಾಕು. ಅದಲು ಬದಲು ಮಾಡಾಣ ಅಂದೆ. ಟೀ ಆರುವ ತನಕ ಯೋಚಿಸಿ, ಆಗಲಿ ಅಂದ.

ಮನೆಗೆ ಬಂದು ನಾಗಶ್ರೀಗೆ ಹೇಳಿದೆ. ಕೇಳಿಸಿಕೊಂಡು, ಸೂಜಿಗೆ ದಾರ ಪೋಣಿಸಿದಳು.

೧೭ ಆಗಸ್ಟ್, ಭಾನುವಾರ

ಮೆಕ್ಯಾನಿಕ್ ಓಬಳೇಶಣ್ಣನ ಶೆಡ್ಡು. ಗೇಮ್‌ಪ್ಯಾಡನ್ನೇ ಒಯ್ದು ತೋರಿಸಿದೆ. ಸ್ಟಿಕ್ ಕಿತ್ತು ಹಾಕಿದೆ, ಬಟನ್ ಕಿತ್ತು ಹಾಕಿದೆ. ತಾನೂ ಇಸ್ಕೊಂಡು ಕಿತ್ತ. ಅರ್ಧ ದಿನ ಇಬ್ಬರೂ ಕಿತ್ತು ಹಾಕಿದ್ದೇ ಆಯ್ತು, ಗಾಡಿ ಮುಟ್ಟಲಿಲ್ಲ.

ಆಮೇಲೆ ಕೆಲಸ. ಆಕ್ಸಿಲೇಟರ್ ಎಡಕ್ಕೆ ಬಂತು. ಮೊದಲ ಸಲ ಉಲ್ಟಾ ತಿರುಗುತ್ತಿತ್ತು, ಬಿಚ್ಚಿ ಮತ್ತೆ ಹಾಕಿದ. ಬ್ರೇಕ್ ಹೇಗೂ ಕಾಲಲ್ಲಿ. ಬಲ ಹ್ಯಾಂಡಲಿಗೆ ಅಂಗೈ ಕೂರುವ ಹಾಗೆ ತಗಡಿನ ಬಟ್ಟಲು ಬೆಸೆದ, ಒಳಗೆ ಸ್ಪಂಜು.

"ಇನ್ನೇನಪ್ಪ ಉಳೀತು?"

"ಹಾರ್ನ್."

ಬಟ್ಟಲಿನ ಒಳಗೇ ಇಟ್ಟೆವು. ದೊಡ್ಡ ಬಟನ್. ಅಂಗೈ ಒತ್ತಿದರೆ ಸಾಕು.

ಶೆಡ್ಡಿನ ಹಿಂದಿನ ಬಯಲಲ್ಲಿ ಒಂದು ಸುತ್ತು ಹೊಡೆದೆ. ಆಕ್ಸಿಲೇಟರ್ ಬಿಟ್ಟೆ. ಗಾಡಿ ನಿಧಾನ ಆಯ್ತು, ತಾನಾಗಿ ನಿಂತಿತು. ಆಕಾಶದಲ್ಲಿ ಒಂದು ತಿಂಗಳು ಇದ್ದು ಬಂದವನಿಗೆ ಇದು ಎಷ್ಟು ದೊಡ್ಡ ಉಪಕಾರ ಅನ್ನಿಸಿತು.

ಆರ್‌ಟಿಒದಲ್ಲಿ ಪಾಸ್ ಆಗದೆ ರೋಡಿಗೆ ಇಳಿಸುವುದಿಲ್ಲ ಅಂತ ನಾಗಶ್ರೀಗೆ ಮಾತು ಕೊಟ್ಟಿದ್ದೇನೆ. ಶೆಡ್ಡಿನಲ್ಲೇ ಬಿಟ್ಟು ನಡೆದು ಬಂದೆ.

೨೨ ಸೆಪ್ಟೆಂಬರ್, ಸೋಮವಾರ

ಚಿತ್ರದುರ್ಗ, ಆರ್‌ಟಿಒ ಆಫೀಸು. ಡಾಕ್ಟರ ಸರ್ಟಿಫಿಕೇಟು, ಇನ್‌ಸ್ಪೆಕ್ಟರ ತಪಾಸಣೆ, ಮೈದಾನದಲ್ಲಿ ಎಂಟರ ಆಕಾರ. ಮೂರನೆಯ ಭೇಟಿ ಇದು. ಆರ್‌ಸಿಯಲ್ಲಿ ಬದಲಾವಣೆ ಬರೆದುಕೊಟ್ಟರು. ಇನ್‌ಸ್ಪೆಕ್ಟರು ಬಟ್ಟಲು ನೋಡಿ, "ಎಲ್ಲಿ ಕಲಿತ್ರಿ ಇದನ್ನ?" ಅಂದರು. ಬಾಹ್ಯಾಕಾಶದಲ್ಲಿ ಅಂದೆ. ಸಹಿ ಹಾಕಿದ ಮೇಲೆ ಅಂದೆ, ಮೊದಲೇ ಅಲ್ಲ.

ಸಂಜೆ ನಾಗಶ್ರೀಗೆ ಕಾಗದ ಕೊಟ್ಟೆ. ಎರಡು ಸಲ ಓದಿದಳು. "ಒಳ್ಳೇದಾಯ್ತು" ಅಂದಳು. ಕೂರ್ತೀಯ ಅಂತ ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಯಾರು ಕುಂತರೂ ಬಿಟ್ಟರೂ ಓಡಿಸಬಹುದು, ನಿಜ. ಆದರೆ ಅವಳು ಬಸ್ಸಿಗೆ ಕಾಯುವುದನ್ನು ನೋಡಿಕೊಂಡು ಪಕ್ಕದಲ್ಲೇ ಖಾಲಿ ಹೋಗುವುದು ನನ್ನಿಂದ ಆಗುವುದಿಲ್ಲ.

೧ ಅಕ್ಟೋಬರ್, ಬುಧವಾರ. ಆಯುಧಪೂಜೆ

ಬೆಳಿಗ್ಗೆ ಗಾಡಿ ತೊಳೆದೆ. ಎಡಗೈಯಲ್ಲೇ ವಿಭೂತಿ ಪಟ್ಟೆ ಎಳೆದೆ, ಈ ಪುಟಕ್ಕಿಂತ ನೆಟ್ಟಗೆ ಬಂತು. ಅವ್ವ ಬೂದುಗುಂಬಳ ಒಡೆದಳು. ಗೇಮ್‌ಪ್ಯಾಡನ್ನೂ ತಂದು ಸೀಟಿನ ಮೇಲಿಟ್ಟು ಕುಂಕುಮ ಹಚ್ಚಿದೆ. ಆಯುಧ ಅಂದ ಮೇಲೆ ಆಯುಧ.

ಪೂಜೆ ಆದ ಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು, ಅದರ ಮೇಲೆ ಗಾಡಿ ಹತ್ತಿಸಬೇಕು. ಯಾವಾಗಲೂ ನಾನೇ ಇಡುತ್ತಿದ್ದೆ. ಇವತ್ತು ನಾಗಶ್ರೀ ಬಂದು ಬಗ್ಗಿ ಮೂರೂ ಚಕ್ರಕ್ಕೆ ಇಟ್ಟಳು. ಹೊಸ ಸೀರೆ ಉಟ್ಟಿದ್ದಾಳೆ. ಅವರಮ್ಮನಿಗೆ ಅಂತ ಒಂದು ಡಬ್ಬಿಯಲ್ಲಿ ಹೋಳಿಗೆ ಬೇರೆ.

"ಬಸ್ಸು ಎಷ್ಟೊತ್ತಿಗೆ?" ಅಂದೆ.

"ಇವತ್ತು ಬಸ್ಸು ರಶ್ಶು." ನನ್ನ ಮುಖ ನೋಡಲಿಲ್ಲ. "ಬಿ.ದುರ್ಗದ ತನಕ ಚಾರ್ಜ್ ಬರ್ತೈತಾ?"

"ಹೋಗಿ ಬಂದು ಇನ್ನೂ ಉಳೀತೈತೆ."

"ಹಂಗಾದ್ರೆ ಶರ್ಟ್ ಬದಲಾಯಿಸ್ಕಂಡು ಬರ್ರಿ. ಇಳಿಜಾರಲ್ಲಿ ಆಫ್ ಮಾಡಿದ್ರೆ ಅಲ್ಲೇ ಇಳ್ಕಂತೀನಿ."

ಒಳಗೆ ಬಂದೆ. ಶರ್ಟ್ ಹಾಕಿದೆ, ಗುಂಡಿ ಮೇಲೆ ಕೆಳಗೆ ಆಗಿದೆ. ಇದನ್ನು ಬರೆಯದೆ ಹೋಗಲು ಮನಸ್ಸಾಗಲಿಲ್ಲ.

ಹೊರಗೆ ಹಾರ್ನ್. ಯಾರು ಅಂತ ಕಿಟಕಿಯಿಂದ ನೋಡಿದೆ. ಹಿಂದಿನ ಸೀಟಿನಿಂದಲೇ ಬಗ್ಗಿ, ಕೈ ಚಾಚಿ, ನನ್ನ ಬಟ್ಟಲಿನೊಳಗೆ ಅಂಗೈ ಇಟ್ಟು ಒತ್ತುತ್ತಿದ್ದಾಳೆ. ಮತ್ತೊಮ್ಮೆ. ಬಂದೆ ಕಣೆ ಬಂದೆ, ಇನ್ನೊಂದು ಸಾಲು —