ಬ್ರೇಕಿಲ್ಲದ ಸೀಟು

ನವೆಂಬರ್ 6, ಗುರುವಾರ. ಬೆಳಿಗ್ಗೆ

ಕಾಲ್ಬೆರಳು ಆಡಿಸಿದ್ದಾಯಿತು. ಮಾತ್ರೆ ನುಂಗಿದ್ದಾಯಿತು. ಪ್ಲಾಸ್ಟರ್ ಒಳಗೆ ಎಲ್ಲೋ ತುರಿಕೆ. ಮಗಳು ಪುಟ್ಟಿಯ ಸ್ಕೇಲು ತುರಿಕೆ ಇಲ್ಲದ ಜಾಗಕ್ಕೆಲ್ಲ ಹೋಗುತ್ತದೆ, ಇರುವ ಜಾಗಕ್ಕೆ ಮಾತ್ರ ಹೋಗುವುದಿಲ್ಲ. ಇನ್ನು ಉಳಿದದ್ದು ಕಿಟಕಿ.

ಇದೇ ಹೊತ್ತಿಗೆ ನನ್ನ ಕಾರು ಈ ಬೀದಿಯಲ್ಲಿ ಹಾದುಹೋಗುತ್ತದೆ. ನನ್ನದು ಅಂದರೆ ಡ್ರೈವಿಂಗ್ ಸ್ಕೂಲಿನದು. ತಲೆ ಮೇಲೆ ಹಳದಿ ಬೋರ್ಡು, ಕಲಿಸುವವರ ಸೀಟಿಗೂ ಒಂದು ಬ್ರೇಕು. ಮದುವೆಗೆ ಮುಂಚಿನಿಂದ ಆ ಸೀಟಿನಲ್ಲಿ ಕೂತವಳು ನಾನು. ಈಗ ಅಲ್ಲಿ ಹೊಸಬ ಕೂತಿದ್ದಾನೆ. ಟೋಪಿ ಬೇರೆ. ಕಾರಿನೊಳಗೆ ಇವನಿಗೆ ಯಾವ ಬಿಸಿಲು ಹೊಡೆಯುತ್ತದೋ…

ಇವತ್ತು ತಲೆಗೆ ಸ್ಕಾರ್ಫ್ ಸುತ್ತಿದ ಯಾರೋ ಹೆಂಗಸು ಓಡಿಸುತ್ತಿದ್ದಳು. ಮೂಲೆಯಲ್ಲಿ ಹಾಲಿನ ವ್ಯಾನಿಗೆ ಇನ್ನೇನು ಗುದ್ದಬೇಕು, ನಾನು ಇಲ್ಲಿಂದಲೇ ಬ್ರೇಕ್ ಒತ್ತಿದೆ. ಪ್ಲಾಸ್ಟರ್ ಹೋಗಿ ಮಂಚದ ಕಾಲಿಗೆ ಬಡಿಯಿತು. ಜೀವ ಬಾಯಿಗೆ ಬಂತು. ಅಲ್ಲಿ ಕಾರು ತಣ್ಣಗೆ ನಿಂತು, ವ್ಯಾನಿಗೆ ದಾರಿ ಬಿಟ್ಟು ಹೋಯಿತು.

ಮಧ್ಯಾಹ್ನ

ಓನರ್ ಫೋನ್. ಹವಾಮಾನ, ಪೆಟ್ರೋಲ್ ರೇಟು, ಅವರ ಸೊಂಟನೋವು ಎಲ್ಲ ಸುತ್ತಿ ಬಂದು ಕೊನೆಗೆ ವಿಷಯ. ಹದಿನೇಳಕ್ಕೆ ಸೋಮವಾರ ಪ್ಲಾಸ್ಟರ್ ಬಿಚ್ಚುತ್ತಾರಲ್ಲ, ಕೆಲಸಕ್ಕೆ ಯಾವಾಗ ಬರಬಹುದು ಅಂತ ಡಾಕ್ಟರಿಂದ ಬರೆಸಿಕೊಂಡು ಅವತ್ತೇ ತಲುಪಿಸಬೇಕಂತೆ. ಇಲ್ಲದಿದ್ದರೆ ಹೊಸಬನೇ ಖಾಯಂ. ಒಂದು ಕಾರಿಗೆ ಇಬ್ಬರನ್ನು ಇಟ್ಟುಕೊಂಡು ಅವರೇನು ಮಾಡಲಿ?

ಸರಿ ಅಂದೆ. ಫೋನ್ ಇಟ್ಟೆ. ಊರಿನ ಅರ್ಧ ಜನಕ್ಕೆ ಕ್ಲಚ್ ಬಿಡುವುದು ಕಲಿಸಿದವಳು, ರಸ್ತೆಯಲ್ಲಿ ಒಂದು ಗೀರೂ ಬೀಳಿಸದವಳು, ಆಗಸ್ಟಿನಲ್ಲಿ ಒಗೆದ ಬಟ್ಟೆ ಹೊತ್ತು ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದೆ. ಬಲಗಾಲೇ ಮುರಿಯಬೇಕೇ? ಆ ಸೀಟು ಹೋದರೆ ನಾನು ಏನು? ಅಡುಗೆ ಬರುವುದಿಲ್ಲ ಅಂತ ಮನೆಯವರೆಲ್ಲ ಯಾವತ್ತೋ ಒಪ್ಪಿಕೊಂಡಾಗಿದೆ.

ನವೆಂಬರ್ 7, ಶುಕ್ರವಾರ

ಅತ್ತೆ ಊಟದ ಮಧ್ಯೆ ಘೋಷಣೆ ಮಾಡಿದರು — ಮುಂದಿನ ವಾರ ಎಲ್ಲರೂ ಬೆಟ್ಟದ ಮೇಲೆ ಒಂದು ಕಾಟೇಜಿಗೆ ಹೋಗೋಣ. ಕೆರೆ ಇದೆ, ಗಾಳಿ ಇದೆ, ನನ್ನ ಕಾಲಿಗೆ ಒಳ್ಳೆಯದು.

ಗಾಳಿಯಿಂದ ಮೂಳೆ ಕೂಡುತ್ತದೆ ಅಂತ ಯಾರು ಹೇಳಿದರೋ. ಆಶ್ಚರ್ಯ ಅದಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಬೀದಿ ಕೊನೆಯಿಂದ ವಾಪಸ್ ಬರುವ ಹೆಂಗಸು ಅವರು. ಮನೆ ಬಿಟ್ಟು ಎರಡು ರಾತ್ರಿ! ಇತ್ತೀಚೆಗೆ ಅತ್ತೆಯೇ ಬದಲಾಗಿದ್ದಾರೆ. ಪುಟ್ಟಿಯ ಹಳೇ ಶೂ ಹಾಕಿಕೊಂಡು ದಿನಾ ಬೆಳಿಗ್ಗೆ ವಾಕಿಂಗ್. ಮಂಡಿಗೆ ಅಂತೆ. ವಾಪಸ್ ಬರುವಾಗ ಏನೋ ಗುನುಗುತ್ತಾ ಬರುತ್ತಾರೆ.

ನಮ್ಮ ಯಜಮಾನರು ತಲೆ ಎತ್ತದೆ ಹೂಂ ಅಂದರು. ಪುಟ್ಟಿ ಫೋನಿನಿಂದ ಕಣ್ಣು ತೆಗೆದು ಅಜ್ಜಿಯ ಮುಖ ನೋಡಿದಳು. ಹದಿನಾರು ವರ್ಷದ ಹುಡುಗಿ ಫೋನಿನಿಂದ ಕಣ್ಣು ತೆಗೆದಳು ಅಂದರೆ ಮನೆಯಲ್ಲಿ ಏನೋ ನಡೆಯುತ್ತಿದೆ.

ನವೆಂಬರ್ 14, ಶುಕ್ರವಾರ. ಸಂಜೆ, ಕಾಟೇಜ್

ಬಂದೆವು. ಹೇಗೆ ಬಂದೆವು ಅನ್ನುವುದನ್ನು ಬರೆಯದಿದ್ದರೆ ಹೊಟ್ಟೆ ಉಬ್ಬುತ್ತದೆ.

ಹಿಂದಿನ ಸೀಟಿನಲ್ಲಿ ನಾನು ಅಡ್ಡಡ್ಡ. ನನ್ನ ಕಾಲು ಒಂದು ದಿಂಬಿನ ಮೇಲೆ, ದಿಂಬು ಅತ್ತೆಯ ತೊಡೆಯ ಮೇಲೆ. ಮುಂದೆ ಪುಟ್ಟಿ. ಸ್ಟಿಯರಿಂಗ್ ಹಿಡಿದವರು ಇವರು. ಕನ್ನಡಕದ ಅಂಗಡಿ ಇಟ್ಟಿರುವ ಮನುಷ್ಯ, ದಿನವಿಡೀ ಗಿರಾಕಿಗಳಿಂದ ಅಕ್ಷರ ಓದಿಸಿ ಓದಿಸಿ, ರಸ್ತೆಯಲ್ಲಿ ಕಂಡ ಬೋರ್ಡನ್ನೆಲ್ಲ ತಾವೇ ಗಟ್ಟಿಯಾಗಿ ಓದುತ್ತಾರೆ. ‘ಮುಂದೆ ಶಾಲೆ ಇದೆ.’ ‘ನಿಧಾನವಾಗಿ ಚಲಿಸಿ.’ ‘ಇಲ್ಲಿ ಪಂಕ್ಚರ್ ಹಾಕಲಾಗುವುದು.’ ಓದುವುದಕ್ಕೆ ಕಾರು ನಿಧಾನ ಮಾಡುತ್ತಾರೆ. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋಗಿ, ತಿರುಗಿ ನೋಡಿ, ಪಾಪ ಅನ್ನುವ ಮುಖ ಮಾಡಿದ.

ಏರು ಶುರುವಾದ ಕಡೆ ಇಂಜಿನ್ ಗೊರಗೊರ. ಗೇರ್ ಇಳಿಸಿ ಅನ್ನಲು ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಪಾಡಿಗೆ, ‘ಎರಡಕ್ಕೆ ಹಾಕೋ’ ಅಂದರು. ನಾನು ತಿರುಗಿ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಇಷ್ಟು ವರ್ಷ ನನ್ನ ಜೊತೆ ಬಾಳಿದ್ದಕ್ಕೆ ಅಷ್ಟಾದರೂ ಅಂಟಬೇಡವೇ ಅಂತ ಖುಷಿಪಟ್ಟೆ.

ಕಾಟೇಜ್ ಬುಕ್ ಮಾಡುವಾಗ ಮೆಟ್ಟಿಲಿಲ್ಲ ಅಂದಿದ್ದರಂತೆ. ಬಾಗಿಲಿಗೆ ಇಲ್ಲ, ನಿಜ. ಬಾಗಿಲು ತಲುಪುವುದಕ್ಕೆ ಇವೆ. ಇವರು ಮತ್ತು ಪುಟ್ಟಿ ಕೈ ಹೆಣೆದು ಕುರ್ಚಿ ಮಾಡಿ ಎತ್ತಿದರು. ಅತ್ತೆ ಹಿಂದಿನಿಂದ ‘ರೈಟ್, ರೈಟ್, ಸ್ವಲ್ಪ ರಿವರ್ಸ್’ ಅಂತ ನಿರ್ದೇಶನ. ಕಾಟೇಜ್ ನೋಡಿಕೊಳ್ಳುವ ಹೆಂಗಸು ಸೌದೆ ಹಿಡಿದುಕೊಂಡು ನಿಂತಲ್ಲೇ ನಿಂತು ನೋಡಿದಳು.

ನವೆಂಬರ್ 15, ಶನಿವಾರ. ಮಧ್ಯಾಹ್ನ

ಇವರಿಗೆಲ್ಲ ಏನಾಗಿದೆ?

ಬೆಳಿಗ್ಗೆ ಇವರು ಬಂದು ಮಂಚದ ತುದಿಯಲ್ಲಿ ಕೂತರು. ಕನ್ನಡಕ ತೆಗೆದು ಒರೆಸಿದರು. ಸೋಡಾ ಬುಡ್ಡಿ ತೆಗೆದಾಗ ಇವರ ಮುಖ ಎಳೇ ಮಗುವಿನದು. ‘ನಿನಗೊಂದು ವಿಷಯ ಹೇಳಬೇಕಿತ್ತು’ ಅಂದರು. ಹೇಳಿ ಅಂದೆ. ತುಂಬ ಹೊತ್ತು ಒರೆಸಿ, ಟೀ ಬೇಕಾ ಅಂತ ಕೇಳಿ ಎದ್ದು ಹೋದರು. ಟೀ ಬರಲಿಲ್ಲ.

ಆಮೇಲೆ ಪುಟ್ಟಿ. ಬೇಜಾರು ಮಾಡ್ಕೋಬಾರದು ಅಂತ ಆಣೆ ಹಾಕಿಸಿಕೊಂಡಳು. ಹಾಕಿದೆ. ನನ್ನ ಚಾರ್ಜರ್ ತರುವುದು ಮರೆತಳಂತೆ. ಚಾರ್ಜರ್ ನನ್ನ ಪಕ್ಕದಲ್ಲೇ ಇತ್ತು. ಅದನ್ನು ನೋಡಿ ಓಹ್ ಅಂದು ಓಡಿದಳು.

ಬಾಗಿಲಾಚೆ ಮೂವರ ಪಿಸುಪಿಸು. ‘ನೀನೇ ಹೇಳು.’ ‘ನಾನ್ಯಾಕೆ, ನೀವು ಹೇಳಿ.’

ಗೊತ್ತಾಯಿತು. ಓನರ್ ಇವರಿಗೆ ಹೇಳಿಬಿಟ್ಟಿದ್ದಾರೆ. ಸೀಟು ಹೊಸಬನಿಗೆ ಕೊಟ್ಟಾಗಿದೆ, ಸೋಮವಾರದ ಮಾತೆಲ್ಲ ಬರೀ ಮೂಗಿಗೆ ತುಪ್ಪ. ಕೆರೆ, ಗಾಳಿ ಎಲ್ಲ ಇದಕ್ಕೇ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತುಬಿಟ್ಟೆ. ನೋಡಿಕೊಳ್ಳುವ ಹೆಂಗಸು ಕಸ ಗುಡಿಸಲು ಬಂದಳು, ನೆಗಡಿಯಾ ಅಂತ ಕೇಳಿದಳು. ಹೌದು ಅಂದೆ. ಬಿಸಿನೀರು ತಂದಿಟ್ಟಳು.

ಸಂಜೆ

ಇನ್ನೊಂದು ಅವಾಂತರ.

ಇವರು ಮೀನು ತೋರಿಸುತ್ತೇನೆ ಅಂತ ಪುಟ್ಟಿಯನ್ನು ಕೆರೆಯ ಕಟ್ಟೆಗೆ ಕರೆದುಕೊಂಡು ಹೋದರು. ಬಗ್ಗಿದರು. ಕನ್ನಡಕ ನೀರುಪಾಲು. ಮೀನು ಕಂಡಿತಾ ಅಂತ ಕೇಳಿದೆ. ಪುಟ್ಟಿಗೆ ಕಂಡಿತಂತೆ.

ಇನ್ನೊಂದು ಕನ್ನಡಕ ಎಲ್ಲಿ? ಇಲ್ಲ. ಬಂದ ಗಿರಾಕಿಗಳಿಗೆಲ್ಲ ‘ಯಾವಾಗಲೂ ಒಂದು ಜೊತೆ ಎಕ್ಸ್‌ಟ್ರಾ ಇರಲಿ ಸಾರ್’ ಅಂತ ಹಲ್ಲು ಕಿರಿದು ಮಾರುವವರು, ಗೋಡೆ ತುಂಬ ಫ್ರೇಮು ಜೋಡಿಸಿಟ್ಟವರು, ತಮಗೊಂದು ಮಾಡಿಸಿಕೊಂಡಿಲ್ಲ. ಪುರುಸೊತ್ತಾಗಲಿಲ್ಲವಂತೆ. ಈಗ ನನ್ನನ್ನೂ ಕಪಾಟನ್ನೂ ಒಂದೇ ಮರ್ಯಾದೆಯಿಂದ ಮಾತಾಡಿಸುತ್ತಿದ್ದಾರೆ.

ನಗು ಬಂತು. ಆಮೇಲೆ ನೆನಪಾಯಿತು — ನಾಳೆ ವಾಪಸ್ ಹೋಗಬೇಕು. ಸೋಮವಾರ ಬೆಳಿಗ್ಗೆ ಆಸ್ಪತ್ರೆ.

ನವೆಂಬರ್ 16, ಭಾನುವಾರ. ಬೆಳಿಗ್ಗೆ

ಬ್ರೆಡ್ಡು ತಿನ್ನುತ್ತಾ ಚರ್ಚೆ. ಕೆಳಗಿನ ಊರಿನಲ್ಲಿ ಇರುವುದು ಒಂದೇ ಟ್ಯಾಕ್ಸಿ, ಅದು ಗ್ಯಾರೇಜಿನಲ್ಲಿ, ಮಂಗಳವಾರದವರೆಗೆ ಬರುವುದಿಲ್ಲ. ನೋಡಿಕೊಳ್ಳುವ ಹೆಂಗಸಿನ ಹತ್ತಿರ ಇರುವುದು ಸೈಕಲ್ಲು. ಪುಟ್ಟಿಗೆ ವಯಸ್ಸಾಗಿಲ್ಲ. ಇವರಿಗೆ ಕಣ್ಣಿಲ್ಲ. ನನಗೆ ಕಾಲಿಲ್ಲ. ಇವರ ಕಾಲಿಗೆ ನನ್ನ ಕಣ್ಣು ಸೇರಿಸಿ ಓಡಿಸೋಣವೇ ಅಂತ ಪುಟ್ಟಿ ಕೇಳಿದಳು. ಒಂದು ಕ್ಷಣ ಯೋಚನೆಯನ್ನೂ ಮಾಡಿದೆ, ಸುಳ್ಳು ಯಾಕೆ.

ಆಸ್ಪತ್ರೆ ತಪ್ಪಿದರೆ ಡಾಕ್ಟರ್ ಸಿಗುವುದು ಇನ್ನೊಂದು ವಾರಕ್ಕೆ. ಇದ್ದ ಒಂದೆಳೆ ಆಸೆಯೂ ಹೋಯಿತು ಅಂದುಕೊಂಡೆ. ಅಂದುಕೊಂಡದ್ದನ್ನು ಬಾಯಿಬಿಟ್ಟೇ ಹೇಳಿದೆ. ನೀವೆಲ್ಲ ಮುಚ್ಚಿಟ್ಟಿದ್ದು ನನಗೆ ಗೊತ್ತು, ಸೀಟು ಹೊಸಬನಿಗೆ ಹೋಗಿದೆ ಅಂತ ಗೊತ್ತು.

ಮೂವರೂ ಮುಖ ಮುಖ ನೋಡಿಕೊಂಡರು. ಹಾಗೇನೂ ಇಲ್ಲವಲ್ಲ ಅಂದರು ಇವರು, ಉಪ್ಪಿನ ಡಬ್ಬಿಯ ಕಡೆ ತಿರುಗಿ.

ಅತ್ತೆ ಎದ್ದರು. ಒಳಗೆ ಹೋಗಿ ಕೈಚೀಲ ತಂದರು. ಕರವಸ್ತ್ರದಲ್ಲಿ ಸುತ್ತಿದ ಒಂದು ಕಾರ್ಡು ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟರು. ಡ್ರೈವಿಂಗ್ ಲೈಸೆನ್ಸ್. ಫೋಟೋದಲ್ಲಿ ಅತ್ತೆ, ಟ್ರೋಫಿ ಗೆದ್ದವರ ಹಾಗೆ ಹಲ್ಲು ಬಿಟ್ಟುಕೊಂಡು. ಈ ವಾರವೇ ಬಂದದ್ದು.

ಯಾರು ಕಲಿಸಿದ್ದು ಅಂತ ಕೇಳಬೇಕಾಗಿರಲಿಲ್ಲ. ಕೇಳಿದೆ. ‘ಆ ಟೋಪಿ ಹುಡುಗ’ ಅಂದರು ಅತ್ತೆ. ವಾಕಿಂಗ್ ಅಂದರೆ ಅದೇ. ಸ್ಕಾರ್ಫ್ ಸುತ್ತಿಕೊಂಡು ನಮ್ಮ ಕಿಟಕಿ ಮುಂದೆಯೇ ದಿನಾ ಓಡಾಡಿದ್ದಾರೆ. ಹಾಲಿನ ವ್ಯಾನಿಗೆ ಗುದ್ದದೆ ನಿಂತದ್ದೂ ಅತ್ತೆಯೇ.

ಸಿಟ್ಟು ನೆತ್ತಿಗೇರಿತು. ನನ್ನ ಕಾರು, ನನ್ನ ಸ್ಕೂಲು, ನನ್ನದೇ ಮನೆಯವರು ಅವನ ಶಿಷ್ಯರು! ಧಡಕ್ಕನೆ ಎದ್ದು ಹೋಗಬೇಕು ಅನ್ನಿಸಿತು. ಆದರೆ ಸಿಟ್ಟಿನಿಂದ ಎದ್ದು ಹೋಗುವುದಕ್ಕೆ ಎರಡು ಕಾಲು ಬೇಕು. ಒಂದು ಊರುಗೋಲು ಮೇಜಿನ ಕೆಳಗೆ ಸೇರಿತ್ತು. ಪುಟ್ಟಿ ಬಗ್ಗಿ ತೆಗೆದುಕೊಟ್ಟಳು. ಥ್ಯಾಂಕ್ಸ್ ಅನ್ನಬೇಕಾಯಿತು. ಇವರು ಓಡಿ ಬಂದು ನನಗೆ ಬಾಗಿಲು ತೆಗೆದರು. ಅದು ಕಪಾಟು.

ಹೊರಗೆ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ನಾನು ಕೆರೆ ನೋಡಿದೆ. ಅವರೂ ಕೆರೆ ನೋಡಿದರು.

‘ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ, ಅತ್ತೆ?’

‘ಕೇಳಿದ್ರೆ, ಕಾಲು ಸರಿಯಾಗಲಿ ನಾನೇ ಕಲಿಸ್ತೀನಿ ಅಂತಿದ್ದೆ. ನೀನು ನನ್ನ ಮಗನಿಗೆ ಕಲಿಸಿದ್ದು ನೋಡಿದ್ದೀನಲ್ಲ. ಎರಡು ದಿನ ಅನ್ನ ಬಿಟ್ಟಿದ್ದ.’

ನಗಬಾರದು ಅಂತ ತುಟಿ ಕಚ್ಚಿಕೊಂಡೆ. ಅತ್ತೆ ನಗಲಿಲ್ಲ.

‘ಅವತ್ತು ನೀನು ಮೆಟ್ಟಿಲ ಕೆಳಗೆ ಬಿದ್ದಿದ್ದೆ. ಕಾರು ಬಾಗಿಲಲ್ಲೇ ಇತ್ತು. ಕೀಲಿ ನನ್ನ ಕೈಯಲ್ಲೇ ಇತ್ತು. ನೀನು ನೋವಲ್ಲಿ ಒದ್ದಾಡ್ತಾ ಇದ್ದೆ, ಆಂಬುಲೆನ್ಸ್ ಬರೋ ತನಕ ನಾನು ಕೀಲಿ ಹಿಡ್ಕೊಂಡು ಗೂಟದ ಹಾಗೆ ನಿಂತಿದ್ದೆ. ಇನ್ನೊಂದು ಸಲ ಹಾಗೆ ನಿಲ್ಲೋಕೆ ನನ್ನಿಂದ ಆಗಲ್ಲಮ್ಮ.’

ಸಿಟ್ಟು ಎಲ್ಲಿ ಹೋಯಿತೋ. ಅವರ ಕೈ ಹಿಡಿದುಕೊಂಡೆ, ಒರಟು ಕೈ. ಇಷ್ಟು ವರ್ಷಗಳಲ್ಲಿ ಹಾಗೆ ಹಿಡಿದದ್ದು ನೆನಪಿಲ್ಲ. ತುಂಬ ಪ್ರೀತಿ ಬಂತು, ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ.

ಆಮೇಲೆ ಅತ್ತೆ ತಗ್ಗಿದ ದನಿಯಲ್ಲಿ ಇನ್ನೊಂದು ವಿಷಯ ಒಪ್ಪಿಕೊಂಡರು. ನಮ್ಮ ಊರೆಲ್ಲ ಸಪಾಟು, ಟೋಪಿ ಹುಡುಗ ಇಳಿಜಾರು ಕಲಿಸಿಲ್ಲ. ಬರುವಾಗ ತಿರುವು ನೋಡಿ ನಿನ್ನೆಯಿಂದ ನಿದ್ದೆ ಇಲ್ಲವಂತೆ.

ಸಂತೋಷವಾಯಿತು. ಅತ್ತೆಗೆ ನಿದ್ದೆ ಬರಲಿಲ್ಲ ಅಂತ ಅಲ್ಲ. ಅವನು ಕಲಿಸಿಲ್ಲ ಅಂತ.

ಹತ್ತೂವರೆ

ಬ್ರೆಡ್ಡಿನ ತಟ್ಟೆ ಓರೆ ಮಾಡಿ, ಬೆಂಕಿಪೊಟ್ಟಣ ಇಳಿಸಿ ತೋರಿಸಿ ಪಾಠ ಮಾಡಿದೆ. ಇಳಿಯುವಾಗ ಬ್ರೇಕಿನ ಮೇಲೇ ಕಾಲು ಒರಗಿಸಿಕೊಂಡು ಕೂರಬಾರದು, ಬಿಸಿಯಾಗಿ ಹಿಡಿಯುವುದಿಲ್ಲ. ಗೇರ್ ಮೊದಲೇ ಇಳಿಸಿ, ಇಂಜಿನ್ನೇ ಕಾರನ್ನು ಹಿಡಿದುಕೊಳ್ಳಲಿ. ಅತ್ತೆ ಎರಡು ಸಲ ಹೇಳಿಸಿಕೊಂಡರು, ಮೂರನೇ ಸಲ ತಾವೇ ನನಗೆ ಹೇಳಿದರು. ಬೈಯಲಿಲ್ಲ ನಾನು. ಬಾಗಿಲ ಹತ್ತಿರ ಇವರು ಕಿವಿ ಕೊಟ್ಟು ನಿಂತಿದ್ದರು. ನನಗೆ ಯಾಕೆ ಹೀಗೆ ಕಲಿಸಲಿಲ್ಲ ಅಂತ ಕೇಳಿದರು. ತಟ್ಟೆಯನ್ನು ತೊಳೆಯಲು ಅವರ ಕೈಗೆ ಕೊಟ್ಟೆ.

ಹನ್ನೊಂದು ದಾಟಿದೆ. ಕಾರಿನಲ್ಲಿ

ಅಕ್ಷರ ಕುಣಿಯುತ್ತಿದೆ. ಇರಲಿ.

ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಎಳೆದು ಕಾಲು ಚಾಚಿದ್ದೇನೆ. ಹಿಂದೆ ಇವರು ಮತ್ತು ಪುಟ್ಟಿ, ಉಸಿರು ಬಿಗಿಹಿಡಿದು. ಓದಲು ಬೋರ್ಡು ಕಾಣದೆ ಇವರು ಪಾಪ ಸುಮ್ಮನೆ ಕೂತಿದ್ದಾರೆ. ನನ್ನ ಕಡೆ ಬ್ರೇಕಿಲ್ಲ. ಇದ್ದಿದ್ದರೂ ಒತ್ತಲು ಕಾಲಿಲ್ಲ. ಕೈ ಖಾಲಿ ಇದ್ದರೆ ಹ್ಯಾಂಡ್‌ಬ್ರೇಕ್ ಎಳೆದುಬಿಡುತ್ತೇನೆ ಅಂತ ಪೆನ್ನು ಹಿಡಿದಿದ್ದೇನೆ.

ಅತ್ತೆ ಕನ್ನಡಿ ನೋಡಿದರು. ಸೀಟು ಮುಂದೆ ಎಳೆದರು. ಗ್ಯಾಸ್ ಆಫ್ ಮಾಡಿದ್ದೇನಾ ಅಂತ ಕೇಳಿದರು. ಆಮೇಲೆ ಹೊರಟರು.

ಗೇಟು ದಾಟಿತು. ಕೆರೆ ಪಕ್ಕ ಸಪಾಟು ರಸ್ತೆ. ಚೆನ್ನಾಗಿ ಓಡಿಸುತ್ತಾರೆ. ಕ್ಲಚ್ ಬಿಡುವುದು ಬೆಣ್ಣೆಯ ಹಾಗೆ. ಟೋಪಿ ಹುಡುಗ ಕೆಟ್ಟ ಮೇಷ್ಟ್ರಲ್ಲ, ಇಲ್ಲಿ ಮಾತ್ರ ಬರೆದಿಡುತ್ತೇನೆ. ಅಂದರೆ ನಾಳೆ ಡಾಕ್ಟರ್ ಏನು ಹೇಳಿದರೂ ನಾನು ಇನ್ನು…

ಅತ್ತೆ ರಸ್ತೆಯಿಂದ ಕಣ್ಣು ಕೀಳದೆ, ‘ಬರೆಯೋದು ಸಾಕು, ಮುಚ್ಚು ಅದನ್ನ’ ಅಂದರು. ‘ಇಳಿಜಾರು ಬಂತು. ಟೋಪಿ ಹುಡುಗ ಪಾಸು ಮಾಡಿಸಿದ, ಅಷ್ಟೇ. ನನ್ನ ಮೇಡಂ ನೀನು ತಾನೇ? ಹೇಳು, ಈಗ ಏನು ಮಾಡಲಿ?’

ಹೇಳ್ತೀನಿ ಅತ್ತೆ. ಮೊದಲು ಎರಡನೇ ಗೇ