ಪಟ್ಟಿಯ ಕೊನೆಯ ಹೆಸರು

ಬೆಲ್‌ವುಡ್, ಅಲಬಾಮಾ
ಭಾನುವಾರ, ಫೆಬ್ರವರಿ 7, 2016

ಪ್ರೀತಿಯ ನಡೀನ್,

ಶುಕ್ರವಾರ ಸಂಜೆ ನನ್ನ ಕಾರಿನ ಗಾಜಿಗೆ ನೀನು ಸಿಕ್ಕಿಸಿ ಹೋದ ಚೀಟಿ ಸಿಕ್ಕಿತು. ವೇಡ್‌ನ ಹೆಸರನ್ನು ಕೊನೆಗೆ ಹಾಕಿದ್ದು ಬೇಕೆಂದೇನಾ, ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳು ಎಂದು ಬರೆದಿದ್ದೀಯ. ಹದಿನಾಲ್ಕು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು ನೀನು. ನಾನು ಯಾವತ್ತಾದರೂ ಏನನ್ನಾದರೂ ಒಂದೇ ಮಾತಿನಲ್ಲಿ ಹೇಳಿದ್ದುಂಟೇ? ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿದ್ದಾಗ, ಹಂತಗಳನ್ನು ಬಿಟ್ಟು ಬರೀ ಉತ್ತರ ಬರೆದ ಹುಡುಗರಿಗೆ ಅರ್ಧ ಅಂಕ ಕೊಡುತ್ತಿದ್ದವನು ನಾನು. ಆದ್ದರಿಂದ ಹಂತಗಳನ್ನು ಬರೆಯುತ್ತೇನೆ, ಸ್ವಲ್ಪ ಸಹಿಸಿಕೊ. ಇವತ್ತು ಟಿವಿಯಲ್ಲಿ ಫುಟ್‌ಬಾಲಿನ ದೊಡ್ಡ ಫೈನಲ್ ಇದೆ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಪಕ್ಕದ ಮನೆಯವರು ಮಧ್ಯಾಹ್ನದಿಂದಲೇ ಮಾಂಸ ಸುಡುತ್ತಿದ್ದಾರೆ, ನನ್ನನ್ನು ಕರೆದರು, ಕೆಲಸವಿದೆ ಎಂದೆ.

ಕೆಲಸ ಇದೇ.

ನನ್ನ ಪಟ್ಟಿಯ ಕಥೆ ನಿನಗೆ ಗೊತ್ತಿಲ್ಲದ್ದೇನಲ್ಲ. ನಾನು ಲೆಕ್ಕ ಬರೆಯುವ ಕಾಲೇಜಿನ ಫುಟ್‌ಬಾಲ್ ಆಫೀಸಿನಲ್ಲಿ ಒಂಬತ್ತು ಜನ ಸಹಾಯಕ ಕೋಚ್‌ಗಳು. ವರ್ಷವಿಡೀ ಊರೂರು ಅಲೆದು, ಹೈಸ್ಕೂಲು ಹುಡುಗರ ಮನೆಗಳಲ್ಲಿ ಕೂತು, ಅವರನ್ನು ನಮ್ಮ ಕಾಲೇಜಿಗೆ ಒಲಿಸಿಕೊಂಡು ಬರುವುದು ಅವರ ಅರ್ಧ ಕೆಲಸ. ಫೆಬ್ರವರಿಯ ಮೊದಲ ಬುಧವಾರ ಹುಡುಗರು ಇಂಥ ಕಾಲೇಜಿಗೇ ಬರುತ್ತೇನೆ ಎಂಬ ಕಾಗದಕ್ಕೆ ಸಹಿ ಹಾಕಿ ಫ್ಯಾಕ್ಸ್ ಕಳಿಸುತ್ತಾರೆ. ಆಮೇಲೆ ನಾನು ಕೂತು ಪಟ್ಟಿ ಮಾಡುತ್ತೇನೆ: ಯಾರು ಎಷ್ಟು ಹುಡುಗರನ್ನು ತಂದರು, ಎಂಥವರನ್ನು ತಂದರು, ಎಷ್ಟು ಜನರನ್ನು ಬೇರೆ ಕಾಲೇಜಿಗೆ ಬಿಟ್ಟುಕೊಟ್ಟರು, ಎಲ್ಲಕ್ಕೂ ಪಾಯಿಂಟು ಹಾಕಿ. ಮುಖ್ಯ ಕೋಚ್ ರೆನ್‌ಫ್ರೋ ಆ ಪಟ್ಟಿಯನ್ನು ಬೈಬಲ್ಲಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ. ಹೋದ ವರ್ಷ, ಅದರ ಹಿಂದಿನ ವರ್ಷ, ಪಟ್ಟಿಯ ಕೊನೆಯಲ್ಲಿದ್ದವರು ಮಾರ್ಚ್ ತಿಂಗಳೊಳಗೆ ಗಂಟುಮೂಟೆ ಕಟ್ಟಿದರು. ಈ ವರ್ಷ ಕೊನೆಯಲ್ಲಿರುವವನು ನಿನ್ನ ಗಂಡ.

ಅವನ ಜೊತೆ ನೀನು ಹೋದ ಮೇಲೆ ಹನ್ನೆರಡು ವರ್ಷದಲ್ಲಿ ಏಳು ಊರು ಬದಲಾಯಿಸಿದ್ದೀಯ. ಮೂರು ವರ್ಷದ ಹಿಂದೆ ರೆನ್‌ಫ್ರೋ ಅವನನ್ನು ವಾಪಸ್ಸು ಇಲ್ಲಿಗೇ ಕರೆಸಿಕೊಂಡಾಗ, ಇನ್ನು ಮೇಲೆ ಪೆಟ್ಟಿಗೆ ಕಟ್ಟುವುದಿಲ್ಲ ಎಂದು ನೀನು ಅಂಚೆ ಕಚೇರಿಯಲ್ಲಿ ಯಾರಿಗೋ ಹೇಳುತ್ತಿದ್ದೆ. ನಾನು ಹಿಂದಿನ ಸಾಲಿನಲ್ಲಿದ್ದೆ. ನಿನ್ನ ತಾಯಿ ಈಗ ಇರುವ ಆರೈಕೆಮನೆ ನಿಮ್ಮ ಮನೆಯಿಂದ ಎರಡೇ ಬೀದಿಯ ದೂರ, ದಿನಾ ಬೆಳಿಗ್ಗೆ ಅವರ ತಲೆ ಬಾಚಲು ನೀನು ನಡೆದೇ ಹೋಗುತ್ತೀಯ. ವೇಡ್‌ನ ಕೆಲಸ ಹೋದರೆ ಏನೇನು ಹೋಗುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಈಗ ಕಷ್ಟದ ಹಂತ. ಒಬ್ಬ ಹುಡುಗನ ಹಿಂದೆ ನಮ್ಮವರೇ ಮೂರು ನಾಲ್ಕು ಜನ ಬಿದ್ದಿರುತ್ತಾರೆ. ಒಬ್ಬ ಶಾಲೆಗೆ ಹೋಗುತ್ತಾನೆ, ಒಬ್ಬ ದಿನಕ್ಕೆ ನೂರು ಮೆಸೇಜು ಹಾಕುತ್ತಾನೆ, ಇನ್ನೊಬ್ಬ ಚರ್ಚಿಗೆ ಹೋಗಿ ಅವನ ಚಿಕ್ಕಪ್ಪನ ಪಕ್ಕ ಕೂರುತ್ತಾನೆ. ಹುಡುಗ ಬಂದ ಮೇಲೆ ಎಲ್ಲರೂ ನಾನೇ ತಂದೆ ಎನ್ನುತ್ತಾರೆ. ಈ ಜಗಳ ನೋಡಿ ಸಾಕಾಗಿ ಬಹಳ ಹಿಂದೆಯೇ ನಾನೊಂದು ನಿಯಮ ಮಾಡಿದೆ. ಬುಧವಾರ ಬೆಳಿಗ್ಗೆ ಫ್ಯಾಕ್ಸ್ ಕಳಿಸುವ ಮೊದಲು ಪ್ರತಿ ಹುಡುಗನೂ ಆಫೀಸಿಗೆ ಫೋನು ಮಾಡಬೇಕು. ಅವನು ಯಾವ ಕೋಚ್‌ನನ್ನು ಕೇಳುತ್ತಾನೋ ಆ ಕೋಚ್‌ನ ಹೆಸರು ಅವನ ಕಾರ್ಡಿನ ಮೇಲೆ, ಆ ಹುಡುಗನ ಪಾಯಿಂಟೂ ಆ ಕೋಚ್‌ಗೇ. ಸಹಿ ಹಾಕುವ ಗಳಿಗೆಯಲ್ಲಿ ಮನುಷ್ಯ ತಾನು ನಂಬಿದವನನ್ನೇ ನೆನೆಯುತ್ತಾನೆ ಎಂಬುದು ನನ್ನ ವಾದ. ಫೋನು ಎತ್ತುವವನು ನಾನು, ಕಾರ್ಡು ಬರೆಯುವವನೂ ನಾನೇ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನ ಕಡೆ ಬೆರಳು ತೋರಿಸಿರಲಿಲ್ಲ. ಅದು ನನಗೆ ಎಷ್ಟು ಹೆಮ್ಮೆಯ ವಿಷಯ ಎಂದು ನಿನಗೆ ಗೊತ್ತು, ಆ ಹೆಮ್ಮೆಯನ್ನು ಕೇಳಿ ಕೇಳಿಯೇ ನೀನು ಬೇಸತ್ತದ್ದು.

ಈ ವರ್ಷದ ದೊಡ್ಡ ಹುಡುಗ ಡೆವಾಂಟೆ ಟೂಮರ್. ಮುನ್ನೂರು ಪೌಂಡ್ ತೂಕ, ನಡೆದರೆ ಸದ್ದೇ ಇಲ್ಲ. ರಾಜ್ಯದ ಅರ್ಧ ಕಾಲೇಜುಗಳು ಅವನ ಮನೆ ಬಾಗಿಲಲ್ಲಿದ್ದವು. ನಮ್ಮಲ್ಲಿ ಇಬ್ಬರು ಅವನ ಹಿಂದೆ ಬಿದ್ದಿದ್ದರು: ವೇಡ್ ಪರ್ವಿಸ್ ಮತ್ತು ಟ್ಯಾನರ್ ಕಾಲ್ಕ್ವಿಟ್. ಟ್ಯಾನರ್‌ಗೆ ಇಪ್ಪತ್ತೊಂಬತ್ತು ವರ್ಷ, ಬಾಯಿ ತುಂಬ ಹಲ್ಲು, ಎರಡು ಫೋನು. ವೇಡ್ ಬಗ್ಗೆ ನಿನಗೆ ನಾನೇನು ಹೇಳಲಿ. ಅವನು ಮಾತಾಡುವುದಿಲ್ಲ, ಕೂರುತ್ತಾನೆ. ಜನವರಿಯ ಮೀಟಿಂಗಿನಲ್ಲಿ ಟ್ಯಾನರ್ ಎಲ್ಲರೆದುರು ಅವನ ಕಾಲೆಳೆದ. "ಏನ್ ಸಾರ್, ಟೂಮರ್ ಮನೆಗೆ ಮತ್ತೆ ಹೋಗಿದ್ರಂತೆ? ಹುಡುಗನ್ನ ನೋಡಿದ್ರೋ, ಇಲ್ಲಾ ಈ ಸಲಾನೂ ಅಜ್ಜಿ ಜೊತೆ ಹರಟೆ ಹೊಡ್ಕೊಂಡ್ ಬಂದ್ರೋ?"

"ಹುಡುಗ ಮನೇಲಿರ್ಲಿಲ್ಲ ಕಣಪ್ಪ," ಎಂದ ವೇಡ್. "ಇದ್ದಿದ್ರೂ ಅಂಥಾದ್ದೇನ್ ಮಾತಾಡ್ತಿದ್ದೆ ಬಿಡು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಬುಧವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಫೋನು ಬಂತು. ಫ್ಯಾಕ್ಸ್ ಮೆಷಿನ್ನಿನ ಸುತ್ತ ಎಂಟು ಜನ ಸಾಸೇಜ್ ಇಟ್ಟ ಬನ್ನು ತಿನ್ನುತ್ತ ನಿಂತಿದ್ದರು. ವೇಡ್ ಮಾತ್ರ ಕಾರಿಡಾರಿನ ಆ ತುದಿಯಲ್ಲಿ, ಕಾಫಿ ಮೆಷಿನ್ನಿನ ಹತ್ತಿರ, ಹೆಚ್ಚೆಂದರೆ ಮೂವತ್ತು ಹೆಜ್ಜೆ ದೂರದಲ್ಲಿದ್ದ. ಕೂಗಿದ್ದರೆ ಕೇಳಿಸುತ್ತಿತ್ತು. ಫೋನಿನಲ್ಲಿದ್ದವನು ಡೆವಾಂಟೆ ಟೂಮರ್, ಕೇಳಿದ್ದು ವೇಡ್‌ನನ್ನು. ನಾನು ತಲೆಯೆತ್ತಿ ನೋಡಿದೆ. ವೇಡ್ ಬೂದು ಬಣ್ಣದ ಸ್ವೆಟರ್ ಹಾಕಿದ್ದ. ತೋಳಿನ ಅಂಚಿನಲ್ಲಿ ನೀನು ಯಾವಾಗಲೂ ಹೆಣೆಯುವ ಆ ಎರಡು ಹೆಚ್ಚಿನ ಸಾಲು ಅಷ್ಟು ದೂರದಿಂದಲೂ ನನಗೆ ಕಂಡಿತು.

"ಅವ್ರಿಲ್ಲಪ್ಪ," ಎಂದೆ. "ಕಾಲ್ಕ್ವಿಟ್ ಸಾರ್ ಇದಾರೆ, ಕೊಡ್ತೀನಿ ಇರು."

"ಹೂಂ ಸಾರ್, ಆಗ್ಲಿ" ಎಂದ ಹುಡುಗ. ನಾನು ಫೋನನ್ನು ಟ್ಯಾನರ್ ಕೈಗೆ ಕೊಟ್ಟು, ಕಾರ್ಡಿನ ಮೇಲೆ ಕಾಲ್ಕ್ವಿಟ್ ಎಂದು ಬರೆದೆ. ನನ್ನ ಅಕ್ಷರ ಎಂದಿನಂತೆ ಗುಂಡಗಿತ್ತು. ಫ್ಯಾಕ್ಸ್ ಬಂದಾಗ ಆಫೀಸು ಹಾರಿಹೋಗುವ ಹಾಗೆ ಕೂಗಾಟ, ಟ್ಯಾನರ್ ಮೇಜಿನ ಮೇಲೆ ಹತ್ತಿ ಕುಣಿದ. ವೇಡ್ ಕಾಫಿ ಲೋಟ ಹಿಡಿದು ಬಂದು ಏನಾಯಿತು ಎಂದು ಕೇಳಿದ, ತಿಳಿದ ಮೇಲೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಟ್ಯಾನರ್‌ಗಾಗಿ ಚಪ್ಪಾಳೆ ತಟ್ಟಿದ. ಎರಡು ವರ್ಷ ಆ ಮನೆಗೆ ಓಡಾಡಿದವನು, ನಡೀನ್, ಸುಮ್ಮನೆ ಚಪ್ಪಾಳೆ ತಟ್ಟಿದ. ನನಗೆ ಅವತ್ತು ಅದು ಅಸಹ್ಯವಾಗಿ ಕಂಡಿತು. ಜಗಳವಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗುರುವಾರ ಪಟ್ಟಿ ಟೈಪು ಮಾಡಿ ಕೊಟ್ಟೆ. ಟ್ಯಾನರ್ ಮೊದಲು, ವೇಡ್ ಕೊನೆ. ಆ ಒಬ್ಬ ಹುಡುಗನ ಪಾಯಿಂಟುಗಳು ವೇಡ್‌ಗೆ ಬಂದಿದ್ದರೆ ಅವನು ಮೂರನೆಯವನು.

ಶುಕ್ರವಾರ ಹತ್ತು ಗಂಟೆಗೆ ಹುಡುಗನ ಅಜ್ಜಿ ಫೋನು ಮಾಡಿದರು, ಅರ್ಲೀನ್ ಟೂಮರ್. ಅವನನ್ನು ಸಾಕಿ ಬೆಳೆಸಿದವರು ಅವರೇ.

"ನಿಮ್ಮಲ್ಲಿ ಆ ಮಾತಾಡ್ದೇ ಇರೋ ಕೋಚ್ ಇದಾರಲ್ಲಪ್ಪ, ಪರ್ವಿಸ್ಸು, ಹುಷಾರಾಗಿದಾರಾ?"

ಇದ್ದಾರೆ, ಯಾಕಮ್ಮ ಎಂದೆ.

"ಬುಧವಾರ ಅವ್ರು ಆಫೀಸ್ನಲ್ಲೇ ಇರ್ಲಿಲ್ಲ ಅಂದ ನಮ್ಮ ಹುಡ್ಗ. ಆವತ್ತಿನ ದಿನ ಅವ್ರು ಎಲ್ಲಿಗ್ ಹೋಗ್ತಾರೆ? ಆಸ್ಪತ್ರೆ ಗೀಸ್ಪತ್ರೆ ಸೇರಿದ್ರಾ ಅಂತ ಎರಡು ದಿನದಿಂದ ಜೀವ ಎಳೀತಿದೆ. ಕೇಳಪ್ಪ, ಎಲ್ಲಾ ಕಾಲೇಜಿಂದ ಸೇರಿ ನಮ್ಮನೆಗೆ ಹನ್ನೊಂದು ಜನ ಕೋಚ್‌ಗಳು ಬಂದ್ರು. ಒಬ್ಬೊಬ್ರೂ ನನ್ನ ಗೆಣಸಿನ ಪೈ ತಿಂದು, ಇಂಥದ್ದು ಭೂಮಿ ಮೇಲೇ ಇಲ್ಲ ಅಂದ್ರು. ನಾನ್ ಮಾಡಿದ್ದು ನಂಗೊತ್ತಿಲ್ವಾ? ನಮ್ಮ ಒಲೆ ಕೆಟ್ಟು ಒಂದು ತಿಂಗಳಾಗಿತ್ತು, ತಳ ಎಲ್ಲ ಹಸಿಹಸಿ. ನಿಮ್ಮ ಹಲ್ಲು ಬಿಡೋ ಹುಡ್ಗ ಎರಡನೇ ತುಂಡು ಕೇಳ್ದ, ಕರ್ಚೀಫಲ್ಲಿ ಸುತ್ಕೊಂಡು ಜೇಬಿಗೆ ಹಾಕ್ಕೊಂಡ. ನನ್ನ ಕಣ್ಣೇನ್ ಹೋಗಿದ್ಯಾ? ಪರ್ವಿಸ್ ಒಬ್ರೇ ತಳ ಬೆಂದಿಲ್ಲ ಅಮ್ಮ ಅಂದ್ರು. ಅಂದು, ಕೂತು ಪೂರ್ತಿ ತಿಂದ್ರು. ಆಮೇಲೆ ಕೋಟು ಬಿಚ್ಚಿಟ್ಟು ಒಲೆ ಹಿಂದುಗಡೆ ತೂರ್ಕೊಂಡ್ರು. ರಿಪೇರಿ ಏನೂ ಆಗ್ಲಿಲ್ಲ ಅನ್ನು. ನನ್ನ ಹುಡ್ಗ ಸರಿಯಾಗ್ ಆಡ್ದೇ ಇದ್ರೆ ಈ ಮನುಷ್ಯ ಅವ್ನಿಗೆ ಹೀಗೇ ಹೇಳ್ತಾನೆ, ಆದ್ರೆ ಬಿಟ್ಟು ಹೋಗಲ್ಲ, ಅಂತ ಅವತ್ತೇ ತೀರ್ಮಾನ ಮಾಡ್ದೆ."

ಇಪ್ಪತ್ತೆರಡು ವರ್ಷ ನಾನು ಕೋಚ್‌ಗಳನ್ನು ಅಳೆದಿದ್ದೇನೆ. ಆ ಹೆಂಗಸು ಹನ್ನೊಂದು ಜನರನ್ನು ಒಂದು ಬೇಯದ ಪೈಯಿಂದ ಅಳೆದು ಮುಗಿಸಿದ್ದರು.

"ಅವ್ರು ಅವತ್ತು ಇಲ್ಲೇ ಇದ್ರಮ್ಮ," ಎಂದೆ. "ಇಲ್ಲ ಅಂತ ಹೇಳಿದ್ದು ನಾನು. ಸುಳ್ಳು ಹೇಳ್ದೆ."

ಯಾಕೆ ಎಂದು ಅವರು ಕೇಳಲಿಲ್ಲ. "ಹಾಗಾದ್ರೆ ಸರಿ ಮಾಡಪ್ಪ," ಎಂದು ಫೋನಿಟ್ಟರು. ಸಂಜೆ ನಿನ್ನ ಚೀಟಿ ಸಿಕ್ಕಿತು.

ತಕ್ಷಣ ರೆನ್‌ಫ್ರೋ ಹತ್ತಿರ ಓಡಿಹೋಗಿ ಒಪ್ಪಿಕೊಂಡೆ ಎಂದು ತಿಳಿಯಬೇಡ. ಮನೆಗೆ ಬಂದು ಬೇರೆ ಬೇರೆ ರೀತಿ ಕೂಡಿ ಕಳೆದು ನೋಡಿದೆ. ಇಬ್ಬರಿಗೂ ಅರ್ಧರ್ಧ ಪಾಯಿಂಟು ಹಂಚಿದರೆ ವೇಡ್ ಏಳನೆಯವನಾಗುತ್ತಾನೆ, ಎಣಿಕೆಯಲ್ಲಿ ತಪ್ಪಾಗಿತ್ತು ಎಂದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಆ ಪಟ್ಟಿಯನ್ನೂ ಟೈಪು ಮಾಡಿಟ್ಟೆ. ನಿನ್ನೆ ಬೆಳಿಗ್ಗೆ ಅದನ್ನೇ ಜೇಬಿನಲ್ಲಿಟ್ಟುಕೊಂಡು ರೆನ್‌ಫ್ರೋ ಮನೆಗೆ ಹೋದೆ. ಅವರು ಹಿತ್ತಲಿನಲ್ಲಿ ಮೊಣಕಾಲೂರಿ ನಾಯಿಗೆ ಸ್ನಾನ ಮಾಡಿಸುತ್ತಿದ್ದರು. ಎಣಿಕೆ ತಪ್ಪಾಗಿದೆ ಎಂದು ಬಾಯಿ ತೆರೆದೆ, ಆದರೆ ಹೊರಗೆ ಬಂದದ್ದು ನಿಜ. ಯಾಕೆ ಎಂದು ನನಗೇ ಗೊತ್ತಿಲ್ಲ. ನಾಯಿ ನನ್ನನ್ನೇ ನೋಡುತ್ತಿತ್ತು.

ರೆನ್‌ಫ್ರೋ ನಲ್ಲಿ ನಿಲ್ಲಿಸಿದರು. "ಎಷ್ಟ್ ವರ್ಷ ಆಯ್ತೋ ಮರ್ಲ್, ನೀನ್ ಪಟ್ಟಿ ಮಾಡ್ತಾ?"

"ಇಪ್ಪತ್ತೆರಡು."

"ಇದೊಂದೇ ಸಲಾನಾ?"

"ಇದೊಂದೇ ಸಲ."

"ನಾನ್ ಹ್ಯಾಗೆ ನಂಬ್ಲಿ ಹೇಳು? ನೀನ್ ಕೊಟ್ಟ ಕಾಗದ ನೋಡ್ಕೊಂಡು ಎಷ್ಟು ಜನರನ್ನ ಮನೆಗೆ ಕಳಿಸಿದೀನಿ ನಾನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವೇಡ್ ಉಳಿಯುತ್ತಾನೆ ಎಂದರು. ಆದರೆ ಅವನು ಪಟ್ಟಿಯಲ್ಲಿ ಮೇಲೆ ಹೋದರೆ ಕೊನೆಗೆ ಬರುವವನು ಮುದುಕ ಓಟಿಸ್ ಹಾರ್‌ಗ್ರೋವ್. ಅವನ ನಿವೃತ್ತಿಗೆ ಇನ್ನು ಎರಡೇ ವರ್ಷ. ಈ ವರ್ಷ ಆಫೀಸಿನಲ್ಲಿ ಒಬ್ಬರು ಕಡಿಮೆಯಾಗುತ್ತಾರೆ ಎಂದು ಕಾಲೇಜಿನ ಮಂಡಳಿಗೆ ಮಾತು ಕೊಟ್ಟಾಗಿದೆ, ಯಾರಾದರೂ ಹೋಗಲೇಬೇಕು ಎಂದರು ರೆನ್‌ಫ್ರೋ. ಆಗ ನನಗೆ ಹೊಳೆಯಿತು, ಎಷ್ಟು ಸರಿಯಾಗಿ ಮಾಡಿದರೂ ನನ್ನ ಪಟ್ಟಿಗೆ ಒಬ್ಬ ಕೊನೆಯವನು ಇದ್ದೇ ಇರುತ್ತಾನೆ. ಇಷ್ಟು ವರ್ಷ ಆ ಜಾಗದಲ್ಲಿ ಒಂದು ಹೆಸರು ಟೈಪು ಮಾಡಿ ಊಟಕ್ಕೆ ಏಳುತ್ತಿದ್ದೆ.

"ಆಫೀಸಲ್ಲಿ ಒಬ್ರು ತಾನೆ?" ಎಂದೆ. "ಕೋಚೇ ಆಗ್ಬೇಕು ಅಂತೇನಿಲ್ವಲ್ಲ."

ರೆನ್‌ಫ್ರೋ ಬೇಡ ಎನ್ನುತ್ತಾರೆ ಎಂದು ಒಳಗೊಳಗೇ ಕಾದಿದ್ದೆ. ಅನ್ನಲಿಲ್ಲ. ಮತ್ತೆ ನಲ್ಲಿ ತಿರುಗಿಸಿ ನಾಯಿಯ ಬೆನ್ನು ತೊಳೆಯತೊಡಗಿದರು.

ಆದ್ದರಿಂದ ನೀನು ಪೆಟ್ಟಿಗೆ ಕಟ್ಟಬೇಕಾಗಿಲ್ಲ. ನಾಳೆ ಬೆಳಿಗ್ಗೆ ಅವರು ವೇಡ್‌ನನ್ನು ಕರೆದು ಹೇಳುತ್ತಾರೆ, ಅದಕ್ಕೇ ಈ ಪತ್ರವನ್ನು ಬರೆದು ಮುಗಿಸಿದ ಕೂಡಲೇ ನಿಮ್ಮ ಬಾಗಿಲಿಗೆ ಸಿಕ್ಕಿಸಿ ಬರುತ್ತೇನೆ. ಓಟಿಸ್‌ನ ಬದಲು ಹೋಗುವವನು ನಾನು; ಮಾರ್ಚ್ ಒಂದರವರೆಗೆ ಇರುತ್ತೇನೆ, ಕಾರ್ಡುಗಳನ್ನು ಬೇರೆಯವರಿಗೆ ಒಪ್ಪಿಸಬೇಕು. ನನ್ನನ್ನು ಕ್ಷಮಿಸು ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ನೀನು ಹೋದಾಗ ನನಗಾದ ನೋವು ಹನ್ನೆರಡು ವರ್ಷದಲ್ಲಿ ಆರಿದೆ ಎಂದುಕೊಂಡಿದ್ದೆ, ಆರಿಲ್ಲ. ಅದನ್ನು ಅವನ ಅನ್ನದ ಮೇಲೆ ತೀರಿಸಿಕೊಂಡೆ, ನಿನ್ನ ತಾಯಿಯ ಬೆಳಗುಗಳ ಮೇಲೂ. ನನಗೆ ನಾಚಿಕೆಯಾಗಿದೆ, ನಡೀನ್.

ಹಂತಗಳು ಮುಗಿದವು. ಉತ್ತರ: ಹೌದು, ಬೇಕೆಂದೇ.

ಇತಿ,
ಮರ್ಲ್ ಸ್ಟಾಡರ್ಡ್

ಮರೆತ ಮಾತಲ್ಲ, ಬರೆಯಲು ಕೈ ಬಾರದ ಮಾತು: ಹುಡುಗ ವೇಡ್‌ನನ್ನು ಕೇಳಿದ ಎಂದು ಮೇಲೆ ಬರೆದಿದ್ದೇನೆ. ಪೂರ್ತಿ ಹಾಗಲ್ಲ. ನಾನು ಹಲೋ ಎಂದ ಕೂಡಲೇ ಅವನು ನನ್ನನ್ನೇ ವೇಡ್ ಎಂದುಕೊಂಡು ಒಂದೇ ಉಸಿರಿಗೆ ಹೇಳಿದ್ದು ಹೀಗೆ: "ಪರ್ವಿಸ್ ಸಾರ್, ನಾನ್ ಬರ್ತಿದೀನಿ. ಎಲ್ಲಾರಿಗಿಂತ ಮೊದ್ಲು ನಿಮ್ಗೇ ಹೇಳ್ಬೇಕು ಅಂದ್ಲು ಅಜ್ಜಿ. ಸಾರ್, ನೀವ್ ಇರ್ತೀರಲ್ವಾ ಅಲ್ಲಿ?" ಎರಡು ಉಸಿರಿನಷ್ಟು ಹೊತ್ತು ನಾನು ವೇಡ್ ಆಗಿಯೇ ಇದ್ದೆ. ಹಿತವಾಗಿತ್ತು. ಆಮೇಲೆ ಅವನಿಲ್ಲ ಎಂದೆ. ಪಾಯಿಂಟುಗಳನ್ನು ರೆನ್‌ಫ್ರೋ ಸರಿಪಡಿಸುತ್ತಾರೆ, ಈ ಮಾತು ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ. ಇವತ್ತೇ ವೇಡ್‌ಗೆ ಹೇಳು, ಹುಡುಗ ಹೇಳಿದ ಹಾಗೇ ಹೇಳು.