ಹಿತ್ತಲ ತಗ್ಗಿನ ಮುತ್ತಜ್ಜಿ

ಸಿದ್ದಾಪುರ,
೧೨ ಅಕ್ಟೋಬರ್ ೨೦೨೫

ಪ್ರೀತಿಯ ‘ಇವರಿಗೆ’,

ಹೆಸರು ಬರೆಯೋಣವೆಂದರೆ ಅತ್ತಿ ಪಕ್ಕದಲ್ಲೇ ಕೂತಿದ್ದಾರೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಅನ್ನುವವರು. ಬಿ.ಎ. ಓದಿದ್ದರೂ ಆ ವಿಷಯದಲ್ಲಿ ನಾನು ಪರೀಕ್ಷೆ ಮಾಡಿ ನೋಡಲಾರೆ. ಬೆನ್ನು ನೋವು ಹೇಗಿದೆ? ತಂಜಾವೂರಿನ ಸಾಂಬಾರು ಹೊಟ್ಟೆಗೆ ಒಗ್ಗಿತೇ? ಅಲ್ಲಿ ನಿಮಗೆ ಭತ್ಯೆ, ಇಲ್ಲಿ ನಮಗೆ ಭತ್ತ. ಎರಡೂ ಹೊತ್ತಿಗೆ ಸರಿಯಾಗಿ ಕೈಗೆ ಬರುವವಲ್ಲ ಬಿಡ್ರಿ. ಫೋನಿದ್ದೂ ಕಾಗದ ಯಾಕೆ ಅಂತೀರೇನು? ನೀವು ಓಡಿಸುವ ಭತ್ತದ ಕಟಾವು ಮಷೀನಿನ ಸದ್ದಿನಲ್ಲಿ ನಾನೇನು ಹೇಳಿದರೂ ನೀವು “ಹ್ಞಾ, ಹ್ಞಾ” ಅಂತೀರಿ. ಮೊನ್ನೆ “ನಾನು ಸನ್ಯಾಸ ತಗೋತೀನ್ರಿ” ಅಂದೆ. ಅದಕ್ಕೂ ಹ್ಞಾ! ನಿಮ್ಮ ಜೋಡಿ ಡ್ರೈವರ್ ನದೀಮಣ್ಣ ಇವತ್ತು ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಮ್ಮ ಗದ್ದೆಗೆ ಬೆಂಕಿರೋಗ ಬಿದ್ದಿತ್ತು. ಕಾಲುವೆ ಕಡೆಯ ಮಡಿ ಸುಟ್ಟಂತಾಗಿದೆ. ಔಷಧ ಹೊಡೆಸಿದ ಮೇಲೆ ಉಳಿದದ್ದು ಚೇತರಿಸಿಕೊಳ್ಳುತ್ತಿದೆ, ಗಾಬರಿಯಾಗಬೇಡ್ರಿ. ಆದರೆ ಹಿತ್ತಲಲ್ಲಿ ಬಸಿನೀರು ನಿಲ್ಲುವ ತಗ್ಗಿದೆಯಲ್ಲ, ಅಲ್ಲಿ ತಾನಾಗಿ ಹುಟ್ಟುವ ಕಾಡುಭತ್ತ, ಗದ್ದೆಗೆ ನುಗ್ಗಿ ಕಲಬೆರಕೆ ಮಾಡುತ್ತದೆಂದು ನೀವು “ಕಳ್ಳಭತ್ತ” ಎಂದು ಬೈಯುತ್ತೀರಲ್ಲ, ಅದರ ಮೇಲೆ ಒಂದು ಚುಕ್ಕಿಯೂ ಇಲ್ಲ! ರೋಗ ನೋಡಲು ಬಂದ ಕೃಷಿ ವಿಜ್ಞಾನಿ ಮಹೇಶ್ವರಿ ಮೇಡಂ ತಗ್ಗಿಗೆ ಇಳಿದವರು ಮೇಲೆ ಬರಲೊಲ್ಲರು. “ಇದು ನಿಮ್ಮ ಸೋನಾಮಸೂರಿಯ ಮುತ್ತಜ್ಜಿ ರೀ. ಹೊಸ ತಳಿಗೆ ರೋಗ ತಡಕೊಳ್ಳೋ ಶಕ್ತಿ ಬೇಕಾದಾಗ ನಾವು ಇಂಥಾವರ ಕಡೆನ ಕಡ ಕೇಳಾಕ ಬರೋದು. ಸುತ್ತಲಿನ ಊರಾಗ ಎಲ್ಲಾ ತಗ್ಗು ಮುಚ್ಯಾರ” ಅಂದರು. ಬೀಜ ಒಯ್ದು ಕಾಪಾಡಿಕೊಳ್ರಲ್ಲ ಅಂದೆ. “ಒಯ್ತೀವಿ. ಆದ್ರ ತಣ್ಣನೆ ಕೋಣ್ಯಾಗ ಅದು ಮಲಗಿರತೈತಿ. ಹೊಸ ರೋಗದ ಜೋಡಿ ಗುದ್ದಾಡೋದು ಕೆಸರಿನಾಗಿದ್ರನ ಕಲೀತೈತಿ.” ಅತ್ತಿ ನನ್ನ ಕಡೆ ನೋಡಿ, “ಹೌದವ್ವಾ, ಅತ್ತಿ ಇದ್ದ ಮನ್ಯಾಗನ ಸೊಸಿ ಬಾಳ್ವಿ ಕಲಿಯೋದು” ಅಂದುಬಿಟ್ಟರು!

ನಾವು ಗರಸು ಮಣ್ಣು ತುಂಬಿಸಿ ನಮ್ಮ ಕೋಣೆ ಕಟ್ಟಬೇಕೆಂದಿರುವುದು ಅದೇ ತಗ್ಗಿನ ಮೇಲೆ. ಮದುವೆಯಾದಾಗಿನಿಂದ ಪಡಸಾಲೆಯಲ್ಲಿ ಭತ್ತದ ಚೀಲಗಳಿಗೂ ಅತ್ತಿಯ ಗೊರಕೆಗೂ ನಡುವೆ ಮಲಗಿದವರು ನಾವು. ಸರಸಕ್ಕೆ ಜಾಗವಿಲ್ಲದ ಮನೆಗೆ ಗರಸಾದರೂ ಬರಲಿ ಎಂದು ನಿಮಗಿಂತ ಹೆಚ್ಚು ಕಾದವಳು ನಾನು. ಅತ್ತಿ ಬೇಡವೆನ್ನಲಿಲ್ಲ. ಪ್ರತಿ ವರ್ಷದಂತೆ ತಗ್ಗಿಗಿಳಿದು, ಹಣ್ಣಾದರೆ ಕಾಳು ಉದುರುತ್ತದೆಂದು, ಅರೆಬಲಿತ ತೆನೆಗಳನ್ನು ಬಗ್ಗಿಸಿ ಹಳೇ ಸೀರೆಯ ಚಿಂದಿಯಿಂದ ಗೊಂಚಲು ಕಟ್ಟಿದರು. ಎಳ್ಳ ಅಮಾಸಿಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲುವಾಗ ಅದರದೊಂದು ಹಿಡಿ ಅನ್ನ ಬೆರೆಸಲೇಬೇಕಲ್ಲ ಅವರಿಗೆ. “ಬಿತ್ತಲಾರದ ಬೆಳಿ ಭೂಮ್ತಾಯಿ ಪಾಲು” ಅನ್ನುತ್ತಾ ಕಟ್ಟುತ್ತಿದ್ದರು. ಮುಂದಿನ ವರ್ಷದ ಮಾತು ಮಾತ್ರ ಆಡಲಿಲ್ಲ.

ಗುರುವಾರ ಟ್ರ್ಯಾಕ್ಟರ್ ಡ್ರೈವರ್ ಯಮನೂರ ಗರಸು ಹೇರಿಕೊಂಡು ಬಂದ. ಬಣ್ಣಬಣ್ಣದ ಚಿಂದಿ ಕಟ್ಟಿದ ಗೊಂಚಲು, ಪಕ್ಕದಲ್ಲಿ ಅರಿಶಿನ ಕುಂಕುಮದ ಕಲ್ಲು ಕಂಡದ್ದೇ ಚಪ್ಪಲಿ ಬಿಟ್ಟು ನಿಂತ. “ಯಕ್ಕಾ, ಇಲ್ಲಿ ದೇವಿ ಕುಂತಾಳಂತ ಮೊದಲ ಹೇಳಬಾರದೇನು? ನಾನು ಮಕ್ಕಳು ಮರಿ ಇದ್ದಾವ!” ಅಂಗಡಿಗೆ ಓಡಿ ಕಾಯಿ ತಂದು ಒಡೆದು, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು, ಗರಸಿನ ಸಮೇತ ರಿವರ್ಸ್ ಹೋದ. ಈಗ ಓಣಿಯವರು ನಿಂಬೆಹಣ್ಣು ಇಟ್ಟು ಹೋಗುತ್ತಿದ್ದಾರೆ. ನೆರೆಮನೆಯ ಜೈನಾಬೀ ಚಾಚಿ, “ನಿಮ್ಮ ದೇವಿ ವಾರ ಯಾವತ್ತವಾ?” ಎಂದು ಕೇಳಿದರು. ಅತ್ತಿ ಸೆರಗು ಬಾಯಿಗಿಟ್ಟು ನಗುತ್ತಾರೆ, ಇಲ್ಲ ಅನ್ನುವುದಿಲ್ಲ. ಯಮನೂರನ ಕಾಯಿಯ ಚಟ್ನಿ ಭಾಳ ಛಲೋ ಆಗಿತ್ತು.

ಅತ್ತಿ ತಲೆ ಮೇಲೆ ಕೈ ಇಟ್ಟು ಹರಸಿದ್ದಾರೆಂದು ತಿಳೀರಿ. ಹೊತ್ತಿಗೆ ಸರಿಯಾಗಿ ಉಣ್ರಿ, ನಿದ್ದೆಗೆಟ್ಟು ಮಷೀನ್ ಓಡಿಸಬೇಡ್ರಿ.

ನಿಮ್ಮ
ರಂಜಿತಾ

ತಾ.ಕ.: ನದೀಮಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಚಿಂದಿ ಕಟ್ಟಿದ್ದು ಅತ್ತಿ. ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿದ್ದು ನಾನು, ಯಮನೂರ ಗರಸು ಹೇರಿಕೊಂಡು ಇತ್ತ ಹೊರಟನೆಂದು ಗೊತ್ತಾದ ಮೇಲೆ. ದೇವಿಯನ್ನು ಎಷ್ಟು ದಿನ ಕಾವಲಿಗೆ ಕೂರಿಸಲಿ? ಗರಸು ಬೇಡವೆಂಬ ಮಾತು ನಿಮ್ಮಿಂದ ಬರಬೇಕು. ಕೋಣೆಯನ್ನು ಅಡಿಗೆಮನೆಯ ಬದಿಗೆ, ನನ್ನ ದುಂಡುಮಲ್ಲಿಗೆ ಇರುವಲ್ಲಿ ಕಟ್ಟೋಣ. ಚಿಕ್ಕದಾದೀತು, ಇಬ್ಬರಿಗೆ ಸಾಕು. ತಗ್ಗು ಹಾಗೇ ಇರಲಿ. ಹ್ಞಾ ಅನ್ರಿ. ಈ ಸಲ ಕೇಳಿಸಿಕೊಂಡು ಅನ್ರಿ.